ಮತ್ತೆ ಮತ್ತೆ ಬರುವ ಉರಿಮೂತ್ರ: ಅತ್ತೆಯನ್ನು ನೋಡಿಕೊಂಡ ನನ್ನ ಅನುಭವ

ನಮ್ಮ ಅತ್ತೆಗೆ 74 ವರ್ಷ. ಸಕ್ಕರೆ ಕಾಯಿಲೆ ಬಂದು ಇಪ್ಪತ್ತು ವರ್ಷದ ಮೇಲಾಯಿತು, ಬಿಪಿಯೂ ಇದೆ. ಮನೆ ದಾವಣಗೆರೆಯಲ್ಲಿ. ಎರಡು ಬೇಸಿಗೆ ಹಿಂದೆ ಅವರಿಗೆ ಮೂತ್ರದ ಸೋಂಕು ಶುರುವಾಯಿತು. ಮಾತ್ರೆ ನುಂಗಿದರೆ ಹೋಗುತ್ತಿತ್ತು, ಸ್ವಲ್ಪ ದಿನ ಬಿಟ್ಟು ಮತ್ತೆ ಹಾಜರ್. ಆರು ತಿಂಗಳಲ್ಲಿ ಎರಡು ಸಲ, ಇಲ್ಲ ವರ್ಷದಲ್ಲಿ ಮೂರು ಸಲ ಬಂದರೆ ಡಾಕ್ಟರು ಅದನ್ನು ಮರುಕಳಿಸುವ ಸೋಂಕು ಅನ್ನುತ್ತಾರೆ. ನಮ್ಮದು ಆ ಲೆಕ್ಕವನ್ನು ಯಾವಾಗಲೋ ದಾಟಿತ್ತು.

ಆದರೆ ಹಾಗಂತ ಯಾರೂ ಹೇಳಿರಲಿಲ್ಲ. ಯಾಕೆ ಅಂದರೆ ಪ್ರತಿ ಸಲವೂ ಅದು ಹೊಸ ಕಾಯಿಲೆ. ಒಂದು ಸಲ ಮನೆ ಹತ್ತಿರದ ಕ್ಲಿನಿಕ್, ಒಂದು ಸಲ ದೊಡ್ಡಾಸ್ಪತ್ರೆ, ಭಾನುವಾರ ಆದರೆ ಮೆಡಿಕಲ್ ಶಾಪು. ಹಿಂದಿನ ಸಲ ಏನು ಕೊಟ್ಟಿದ್ದರು ಅಂತ ಕೇಳಿದರೆ ‘ಹಳದಿ ಮಾತ್ರೆ’ ಅನ್ನೋದು ಬಿಟ್ಟರೆ ನಮ್ಮ ಹತ್ತಿರ ಉತ್ತರ ಇಲ್ಲ. ಹಾಗಾಗಿ ಒಂದು ನೂರು ಪುಟದ ನೋಟ್‌ಬುಕ್ ತಂದೆ. ಯಾವ ದಿನ ಏನು ತೊಂದರೆ, ಜ್ವರ ಎಷ್ಟು, ಯಾವ ಮಾತ್ರೆ ಎಷ್ಟು ದಿನ, ಕಲ್ಚರ್‌ನಲ್ಲಿ ಏನು ಬಂತು (ಮೂತ್ರದಲ್ಲಿ ಯಾವ ಬ್ಯಾಕ್ಟೀರಿಯಾ ಬೆಳೆಯುತ್ತೆ ಅಂತ ನೋಡುವ ಪರೀಕ್ಷೆ ಅದು), ಎಲ್ಲ ಅದರಲ್ಲೇ. ಹಿಂದಿನ ಪುಟದಲ್ಲಿ ದಿನಾ ನುಂಗುವ ಮಾತ್ರೆಗಳ ಪಟ್ಟಿ. ನಿಜ ಹೇಳಬೇಕು ಅಂದರೆ ನಮಗೆ ದಾರಿ ತೋರಿಸಿದ್ದು ಆ ಹಿಂದಿನ ಪುಟ.

ಒಬ್ಬ ಫಿಜಿಶಿಯನ್ ಅದನ್ನು ಕೂತು ಓದಿದರು. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಅನ್ನೋ ಸಕ್ಕರೆ ಮಾತ್ರೆಗಳು, ಬಿಪಿಯ ಟೆಲ್ಮಿಸಾರ್ಟಾನ್, ಇವುಗಳ ಮೇಲೆ ಏನೂ ಅನ್ನಲಿಲ್ಲ. ಎರಡು ಹೆಸರಿನ ಕೆಳಗೆ ಗೆರೆ ಎಳೆದರು. ಒಂದು ಡಾಪಾಗ್ಲಿಫ್ಲೋಜಿನ್. ಅದು ರಕ್ತದ ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಹಾಕುವ ಮಾತ್ರೆ. ಹೃದಯಕ್ಕೂ ಕಿಡ್ನಿಗೂ ಒಳ್ಳೆಯದೇ, ಆದರೆ ಕೆಳಗೆ ಫಂಗಸ್ ಆಗಿ ತುರಿಕೆ, ಉರಿ ಬರೋದು ಇದರಲ್ಲಿ ಜಾಸ್ತಿ. ಆ ಉರಿಯನ್ನೇ ಮೂತ್ರದ ಸೋಂಕು ಅಂದುಕೊಂಡು ಆಂಟಿಬಯೋಟಿಕ್ ಕೊಟ್ಟರೆ ಫಂಗಸ್ ಇನ್ನೂ ಹೆಚ್ಚುತ್ತೆ. ಇನ್ನೊಂದು ಅಮಿಟ್ರಿಪ್ಟಿಲಿನ್, ರಾತ್ರಿ ಪಾದ ಉರಿಗೆ ಅಂತ ಬೇರೆ ಡಾಕ್ಟರು ಬರೆದಿದ್ದು. ಅದು ಮೂತ್ರಚೀಲ ಪೂರ್ತಿ ಖಾಲಿಯಾಗದ ಹಾಗೆ ಮಾಡಬಹುದು, ಮಲಬದ್ಧತೆಯನ್ನೂ ತರುತ್ತೆ. ಮಲ ಕಟ್ಟಿದರೆ ಚೀಲ ಇನ್ನೂ ಸರಿಯಾಗಿ ಖಾಲಿಯಾಗಲ್ಲ.

ಒಂದಕ್ಕೆ ಹೋಗಿ ಬಂದ ಮೇಲೆ ಸ್ಕ್ಯಾನ್ ಮಾಡಿಸಿದಾಗ 150 ಎಂಎಲ್ ಹತ್ತಿರ ಮೂತ್ರ ಒಳಗೇ ಉಳಿದಿತ್ತು. ನಿಂತ ನೀರು, ಅದರಲ್ಲಿ ಸಕ್ಕರೆ. ಬ್ಯಾಕ್ಟೀರಿಯಾಕ್ಕೆ ಇನ್ನೇನು ಬೇಕು? ಪಾದ ಉರಿಯ ಮಾತ್ರೆಯನ್ನು ನಿಧಾನಕ್ಕೆ ಇಳಿಸಿ ಬೇರೆಯದು ಕೊಟ್ಟರು, ಡಾಪಾಗ್ಲಿಫ್ಲೋಜಿನ್ ಮಾತ್ರೆಯನ್ನೂ ಬದಲಿಸಿದರು. ಎಲ್ಲರಿಗೂ ಹೀಗೇ ಬದಲಿಸಬೇಕು ಅಂತಲ್ಲ. ಹೃದಯದ ತೊಂದರೆಗೆ ಅಂತಲೇ ಡಾಪಾಗ್ಲಿಫ್ಲೋಜಿನ್ ಕೊಟ್ಟಿದ್ದರೆ ಲೆಕ್ಕ ಬೇರೆ. ಮನೆಯಲ್ಲಿ ನಾವೇ ನಿಲ್ಲಿಸೋದಂತೂ ಬೇಡವೇ ಬೇಡ.

ಇನ್ನು ಕಲ್ಚರ್ ವಿಷಯ. ಆಂಟಿಬಯೋಟಿಕ್ ಶುರು ಮಾಡುವ ಮುಂಚೆಯೇ ಸ್ಯಾಂಪಲ್ ಕೊಡಬೇಕು. ಒಂದು ಮಾತ್ರೆ ನುಂಗಿ ಆಮೇಲೆ ಕೊಟ್ಟರೆ ಏನೂ ಬೆಳೆಯದೇ ಇರಬಹುದು. ಮಂಡಿ ನೋವಿರುವ ಮುದುಕಿಯ ಹತ್ತಿರ ನಡುಧಾರೆಯ ಮೂತ್ರ ಹಿಡಿಸೋದು ಸುಲಭದ ಕೆಲಸ ಅಲ್ಲ. ನಾವು ಮಾಡೋದು ಹೀಗೆ: ಕೈ ತೊಳೆದುಕೊಂಡು, ಬರೀ ನೀರಿನಲ್ಲಿ ಮುಂದಿನಿಂದ ಹಿಂದಕ್ಕೆ ಸ್ವಚ್ಛ ಮಾಡಿ, ಕಮೋಡ್ ಮೇಲೆ ಕಾಲು ಅಗಲಿಸಿ ಕೂರಿಸುತ್ತೇನೆ. ಮೊದಲ ಸ್ವಲ್ಪ ಬಿಟ್ಟುಬಿಡಲಿ ಅಂತ ಕಾದು, ಆಮೇಲೆ ಬಾಟಲಿ ಹಿಡಿಯುತ್ತೇನೆ. ಮುಚ್ಚಳದ ಒಳಮೈ ಮುಟ್ಟಬಾರದು, ಅದನ್ನು ಸೋಪಿನ ಪೆಟ್ಟಿಗೆ ಮೇಲೆ ಇಡಲೂಬಾರದು. ಎರಡು ಗಂಟೆಯೊಳಗೆ ಲ್ಯಾಬಿಗೆ ಮುಟ್ಟಿಸೋಕೆ ಆಗದಿದ್ದರೆ ಕವರ್‌ನಲ್ಲಿ ಕಟ್ಟಿ ಫ್ರಿಜ್‌ನಲ್ಲಿ ಇಡಬೇಕು. ಅವತ್ತು ಅತ್ತೆ ಬಾಗಿಲಲ್ಲಿ ನಿಂತು, “ಏನವ್ವಾ, ದೋಸೆ ಹಿಟ್ಟಿನ ಪಕ್ಕ ಅದನ್ನ ಇಡ್ತೀಯಾ?” ಅಂದರು. ಮಾತು ಸರಿಯೇ. ಈಗ ಅದಕ್ಕೆ ಅಂತ ಮುಚ್ಚಳ ಇರೋ ಬೇರೆ ಡಬ್ಬಿ ಇದೆ.

ವರದಿ ಬರೋಕೆ ಎರಡು ಮೂರು ದಿನ ಬೇಕು. ಅಲ್ಲಿಯವರೆಗೆ ಡಾಕ್ಟರು ಅಂದಾಜಿನ ಮೇಲೆ ಒಂದು ಮಾತ್ರೆ ಕೊಡುತ್ತಾರೆ. ನಮಗೆ ಬಂದಿದ್ದು ಇ. ಕೋಲಿ ಅನ್ನೋ ಬ್ಯಾಕ್ಟೀರಿಯಾ, ಬಹಳ ಜನರಿಗೆ ಬರೋದೂ ಅದೇ. ಯಾವ ಔಷಧಿಗೆ ಬಗ್ಗುತ್ತೆ, ಯಾವುದಕ್ಕೆ ಬಗ್ಗಲ್ಲ ಅನ್ನೋದು ವರದಿಯಲ್ಲೇ ಇರುತ್ತೆ. ಹಿಂದಿನ ವರದಿ ನೋಟ್‌ಬುಕ್‌ನಲ್ಲಿ ಅಂಟಿಸಿದ್ದರೆ ಮುಂದಿನ ಸಲದ ಅಂದಾಜು ಚೆನ್ನಾಗಿ ಕೂರುತ್ತೆ.

ದಿನದ ಮಾತ್ರೆಗೂ ಆಂಟಿಬಯೋಟಿಕ್‌ಗೂ ಜಗಳ ಆಗುತ್ತೆ ಅನ್ನೋದನ್ನು ಕಣ್ಣಾರೆ ಕಂಡಿದ್ದೇನೆ. ಒಂದು ಸಲ ಸಿಪ್ರೊಫ್ಲಾಕ್ಸಾಸಿನ್ ಅನ್ನೋ ಆಂಟಿಬಯೋಟಿಕ್ ಕೊಟ್ಟಿದ್ದರು. ಬೆಳಗಿನ ಜಾವ ಅತ್ತೆ ಬೆವತು ನಡುಗುತ್ತಿದ್ದರು. ಬೆರಳು ಚುಚ್ಚಿ ನೋಡಿದರೆ ಸಕ್ಕರೆ 58. ಗ್ಲಿಮೆಪಿರೈಡ್ ಜೊತೆ ಈ ಗುಂಪಿನ ಮಾತ್ರೆ ಸೇರಿದರೆ ಸಕ್ಕರೆ ದಿಢೀರ್ ಅಂತ ಇಳಿಯಬಹುದು. ಸಕ್ಕರೆ ನೀರು ಕುಡಿಸಿದೆವು, ಸುಧಾರಿಸಿದರು. ಕೋಟ್ರೈಮಾಕ್ಸಜೋಲ್ ಅನ್ನೋ ಇನ್ನೊಂದು ಆಂಟಿಬಯೋಟಿಕ್ ಆದರೆ ಟೆಲ್ಮಿಸಾರ್ಟಾನ್ ಜೊತೆ ಸೇರಿ ರಕ್ತದ ಪೊಟ್ಯಾಷಿಯಂ ಏರಿಸಬಹುದು. ರಕ್ತ ತೆಳು ಮಾಡುವ ವಾರ್ಫರಿನ್ ನುಂಗುವವರಿಗೆ ಇವೆರಡೂ ಎಚ್ಚರದ ಔಷಧಿಗಳೇ. ನೈಟ್ರೊಫ್ಯುರಾಂಟೊಯಿನ್ ಅನ್ನೋ ಆಂಟಿಬಯೋಟಿಕ್ ನಮಗೆ ಒಗ್ಗಿತು. ಅದನ್ನು ಊಟದ ಜೊತೆ ತಗೋಬೇಕು, ಮೂತ್ರ ಕಂದು ಬಣ್ಣಕ್ಕೆ ತಿರುಗುತ್ತೆ, ಗಾಬರಿ ಬೇಡ. ಕಿಡ್ನಿ ಬಹಳ ಸೋತಿದ್ದರೆ ಅದನ್ನು ಕೊಡಲ್ಲ, ಸೋಂಕು ಕಿಡ್ನಿಗೆ ಏರಿದ್ದರೆ ಅದು ಸಾಲಲ್ಲ. ಅದಕ್ಕೇ ಕಿಡ್ನಿ ಹೇಗಿದೆ ಅಂತ ಹೇಳುವ ಕ್ರಿಯಾಟಿನಿನ್ ವರದಿಯೂ ಜೊತೆಗಿರಬೇಕು. ಅಂಗಡಿಯ ಮಾತ್ರೆ ಸ್ಟ್ರಿಪ್ ಮೇಲೆ ಕೆಂಪು ಗೆರೆ ಇದ್ದರೆ ಚೀಟಿ ಇಲ್ಲದೆ ತಗೋಬಾರದು ಅಂತ ಅರ್ಥ. ನಮ್ಮ ಮನೆಯಲ್ಲಿ ಈಗ ಭಾನುವಾರಕ್ಕೂ ಅದೇ ಕಾನೂನು.

ನಮ್ಮ ಕಡೆ ಉರಿಮೂತ್ರ ಅಂದರೆ ‘ಉಷ್ಣ ಆಗೈತೆ’ ಅಂತ ಎಳನೀರು, ಬಾರ್ಲಿ ನೀರು, ಕೊತ್ತಂಬರಿ ಬೀಜದ ಕಷಾಯ ಶುರುವಾಗುತ್ತೆ. ನೀರು ಒಳಗೆ ಹೋಗುತ್ತೆ ಅನ್ನೋ ಮಟ್ಟಿಗೆ ಒಳ್ಳೆಯದೇ. ಎಳನೀರಿನಲ್ಲಿ ಪೊಟ್ಯಾಷಿಯಂ ಇದೆ, ಹಾಗಾಗಿ ಅತ್ತೆಗೆ ಅಳತೆ ಮಾಡಿ ಕೊಡುತ್ತೇವೆ. ಅಂಗಡಿಯಲ್ಲಿ ಕೊಡುವ, ಮೂತ್ರದ ಹುಳಿ ಕಮ್ಮಿ ಮಾಡುವ ಆಲ್ಕಲೈಸರ್ ಸಿರಪ್ ಉರಿಯನ್ನು ತಣಿಸುತ್ತೆ ಅಷ್ಟೇ, ಸೋಂಕು ಹೋಗಲ್ಲ. ಸೋಂಕು ತಡೆಯುತ್ತೆ ಅಂತ ಮಾರುವ ಡಿ-ಮ್ಯಾನೋಸ್ ಅನ್ನೋ ಒಂದು ಬಗೆಯ ಸಕ್ಕರೆ ಪುಡಿಗೆ ನಮ್ಮವರು ಒಂದಷ್ಟು ದುಡ್ಡು ಸುರಿದರು. 2024ರಲ್ಲಿ ಬ್ರಿಟನ್‌ನಲ್ಲಿ ನಡೆದ ಪ್ರಯೋಗದಲ್ಲಿ ಅದರಿಂದ ಪ್ರಯೋಜನ ಕಾಣಲಿಲ್ಲ ಅಂತ ಓದಿದ ಮೇಲೆ ನಿಲ್ಲಿಸಿದೆವು.

ನೀರು ಕುಡಿಸೋದು ಔಷಧಿ ಕುಡಿಸೋದಕ್ಕಿಂತ ಕಷ್ಟ. ಏಪ್ರಿಲ್‌ನಲ್ಲಿ ದಾವಣಗೆರೆ ಬಿಸಿಲು ಗೊತ್ತಲ್ವಾ, ಆದರೂ ಅತ್ತೆ ಗುಟುಕು ಗುಟುಕು. ರಾತ್ರಿ ಏಳಬೇಕಾಗುತ್ತೆ, ಬಿದ್ದರೆ ಅನ್ನೋ ಹೆದರಿಕೆ. ಅದಕ್ಕೆ ಮಂಚದಿಂದ ಬಚ್ಚಲಿನವರೆಗೆ ಸಣ್ಣ ದೀಪ ಹಾಕಿಸಿದೆವು, ಗೋಡೆಗೆ ಹಿಡಿಕೆ ಕೂರಿಸಿದೆವು. ನೀರಿನ ಲೆಕ್ಕವನ್ನು ಸಂಜೆ ಆರರೊಳಗೆ ಮುಗಿಸುತ್ತೇವೆ, ಮಜ್ಜಿಗೆ, ಗಂಜಿ ಸೇರಿ. ಹೃದಯ, ಕಿಡ್ನಿ ತೊಂದರೆ ಇರುವವರಿಗೆ ಎಷ್ಟು ನೀರು ಅಂತ ಡಾಕ್ಟರೇ ಹೇಳಬೇಕು. ಒಂದಕ್ಕೆ ಹೋದಾಗ ಅವಸರ ಮಾಡದೆ, ಮುಗಿದ ಮೇಲೂ ಒಂದು ನಿಮಿಷ ಕೂತು ಇನ್ನೊಮ್ಮೆ ಪ್ರಯತ್ನಿಸಲಿ ಅಂತ ಅಭ್ಯಾಸ ಮಾಡಿಸಿದ್ದೇನೆ.

ಮನೆಯಲ್ಲಿ ಯಾರೂ ಬಾಯಿ ಬಿಡದ ವಿಷಯ ಒಂದಿದೆ. ಮುಟ್ಟು ನಿಂತು ವರ್ಷಗಳಾದ ಮೇಲೆ ಈಸ್ಟ್ರೊಜನ್ ಹಾರ್ಮೋನು ಕಮ್ಮಿಯಾಗಿ ಯೋನಿಯ ಚರ್ಮ ತೆಳುವಾಗುತ್ತೆ, ಒಣಗುತ್ತೆ. ಒಳ್ಳೆಯ ಬ್ಯಾಕ್ಟೀರಿಯಾ ಹೋಗಿ ಕೆಟ್ಟವು ಸೇರಿಕೊಳ್ಳುತ್ತವೆ. ಸ್ತ್ರೀರೋಗ ತಜ್ಞೆ ಅಲ್ಲಿಗೆ ಹಚ್ಚುವ ಎಸ್ಟ್ರಿಯಾಲ್ ಅನ್ನೋ ಈಸ್ಟ್ರೊಜನ್ ಕ್ರೀಮ್ ಬರೆದುಕೊಟ್ಟರು. ಎರಡು ವಾರ ದಿನಾ, ಆಮೇಲೆ ವಾರಕ್ಕೆರಡು ಸಲ. ಅತ್ತೆ ಮಗನ ಮುಂದೆ ಇದನ್ನು ಸತ್ತರೂ ಹೇಳುತ್ತಿರಲಿಲ್ಲ. ಸೊಸೆಗೆ ಹೇಳೋಕೂ ಮುಖ ಆ ಕಡೆ ತಿರುಗಿಸಿಕೊಂಡರು. ಸ್ತನ ಕ್ಯಾನ್ಸರ್ ಆಗಿದ್ದವರು ಮೊದಲೇ ಡಾಕ್ಟರಿಗೆ ಹೇಳಬೇಕು. ಗುಣ ಕಾಣೋಕೆ ಕೆಲವು ವಾರ ಬೇಕು. ನನ್ನ ಅಂದಾಜಿನಲ್ಲಿ ನಮಗೆ ಹೆಚ್ಚು ಕೆಲಸ ಮಾಡಿದ್ದು ಮಾತ್ರೆ ಬದಲಿಸಿದ್ದು ಮತ್ತು ಈ ಕ್ರೀಮ್.

ಒಂದು ರಾತ್ರಿ ಅತ್ತೆ ಎದ್ದು ಕೂತು, “ನಿಮ್ಮ ಮಾವಂಗೆ ಮಿಲ್ಲಿಗೆ ಬುತ್ತಿ ಕಟ್ಟಿದ್ಯಾ?” ಅಂದರು. ಮಾವ ಕಾಟನ್ ಮಿಲ್ಲಿನಲ್ಲಿದ್ದವರು. ಮಿಲ್ಲೂ ಇಲ್ಲ, ಮಾವನೂ ಇಲ್ಲ. ವಯಸ್ಸಾದವರು ಹೀಗೆ ದಿಢೀರ್ ಗೊಂದಲ ಮಾಡಿಕೊಂಡರೆ ‘ಯೂರಿನ್ ಇನ್ಫೆಕ್ಷನ್ ಇರ್ಬೇಕು’ ಅಂತ ಎಲ್ಲರೂ ಅದಕ್ಕೇ ಕಟ್ಟುತ್ತಾರೆ. ಆದರೆ ಅವತ್ತು ಉರಿ ಇಲ್ಲ, ಜ್ವರ ಇಲ್ಲ. ಆಸ್ಪತ್ರೆಯಲ್ಲಿ ನೋಡಿದಾಗ ರಕ್ತದಲ್ಲಿ ಸೋಡಿಯಂ, ಅಂದರೆ ಉಪ್ಪಿನಂಶ, ಇಳಿದಿತ್ತು, ಗೊಂದಲ ಅದರಿಂದ. ಮೂತ್ರದಲ್ಲಿ ಪಸ್ ಸೆಲ್ (ಕೀವಿನ ಕಣ) ಇತ್ತು, ಆದರೆ ಈ ವಯಸ್ಸಿನಲ್ಲಿ ತೊಂದರೆ ಏನೂ ಇಲ್ಲದೆಯೂ ಅದು ಇರಬಹುದು, ಬ್ಯಾಕ್ಟೀರಿಯಾವೂ ಇರಬಹುದು. ಲಕ್ಷಣ ಇಲ್ಲದಿದ್ದರೆ ಆಂಟಿಬಯೋಟಿಕ್ ಬೇಡ, ಗುಣವಾದ ಮೇಲೆ ‘ಸುಮ್ನೆ ಒಂದ್ಸಲ ಚೆಕ್’ ಅಂತ ಮತ್ತೆ ಕಲ್ಚರೂ ಬೇಡ ಅಂದರು. ನಮ್ಮ ಯಜಮಾನರಿಗೆ ಇದನ್ನು ಒಪ್ಪಿಸೋದರಲ್ಲಿ ನನಗೆ ಸಾಕಾಯಿತು.

ಈಗ ಸೋಂಕು ಬರೋದು ಅಪರೂಪ, ಪೂರ್ತಿ ನಿಂತಿಲ್ಲ. ಅತ್ತೆ ಹರಿಹರದ ನಾದಿನಿ ಮನೆಗೆ ಹೋಗುವಾಗ ಬಟ್ಟೆ ಚೀಲದ ಜೊತೆ ನೋಟ್‌ಬುಕ್ಕೂ ಹೋಗುತ್ತೆ. ಅದರ ಮೊದಲ ಪುಟದಲ್ಲಿ ನಾದಿನಿಗೆ ಅಂತ ದಪ್ಪಕ್ಷರದಲ್ಲಿ ಬರೆದಿದ್ದೇನೆ: ಚಳಿ ಜ್ವರ, ಬೆನ್ನಿನ ಪಕ್ಕ ನೋವು, ವಾಂತಿ, ಮೂತ್ರ ಕಟ್ಟೋದು, ಮಂಪರು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬೇಡ, ಆಟೋ ಹತ್ತಿಸಿ ಆಸ್ಪತ್ರೆಗೆ ಕರೆದುಕೊಂಡು ಹೋಗು, ಆಮೇಲೆ ನನಗೆ ಫೋನ್ ಮಾಡು.