ಹಳೆಯ ಲಗ್ನಪತ್ರಿಕೆ: ಹುಡುಕುವುದು, ಓದುವುದು, ಕಾಪಾಡುವುದು ಹೇಗೆ?

ಮದುವೆ ಮುಗಿದ ಮರುದಿನದಿಂದ ಲಗ್ನಪತ್ರಿಕೆಗೆ ಕೆಲಸವಿಲ್ಲ. ಹೀಗಾಗಿ ನೂರಾರು ಮನೆಗೆ ಹಂಚಿದ ಪತ್ರಿಕೆಯಲ್ಲಿ ಅರವತ್ತು ವರ್ಷದ ಮೇಲೆ ಒಂದೆರಡು ಪ್ರತಿ ಉಳಿದರೆ ಅದೇ ಹೆಚ್ಚು. ಆ ಒಂದು ಹಾಳೆಯಲ್ಲಿ ಊರಿನ ಮುದ್ರಣಾಲಯದ ಹೆಸರಿದೆ, ಆ ಕಾಲದ ಅಚ್ಚುಮೊಳೆಯ ಗುರುತಿದೆ, ಎರಡು ಮನೆತನಗಳ ನೆಂಟಸ್ತಿಕೆಯಿದೆ. ನಾಣ್ಯ, ಅಂಚೆಚೀಟಿಗಳ ಹಾಗೆ ಇದಕ್ಕೆ ದುಡ್ಡು ಸುರಿಯಬೇಕಿಲ್ಲ. ಬೇಕಾದದ್ದು ತಾಳ್ಮೆ ಮತ್ತು ಒಣಗಿದ ಕೈ.

ಹುಡುಕಾಟ ಮನೆಯಿಂದಲೇ ಶುರುವಾಗಲಿ. ಅಟ್ಟದ ಟ್ರಂಕು, ಹಳೆಯ ಪಂಚಾಂಗದ ಪುಟಗಳ ನಡುವೆ, ಕಬ್ಬಿಣದ ತಂತಿಗೆ ಚುಚ್ಚಿಟ್ಟ ಕಾಗದದ ಕಟ್ಟು ನೋಡಿ. ಆಮೇಲೆ ಪುರೋಹಿತರ ಮನೆ, ಮುಚ್ಚುವ ಹಂತದಲ್ಲಿರುವ ಮೊಳೆ ಜೋಡಿಸುವ ಮುದ್ರಣಾಲಯಗಳು. ಗಿರಾಕಿಗೆ ತೋರಿಸಲೆಂದು ಮುದ್ರಣಾಲಯದವರು ಇಟ್ಟುಕೊಂಡ ಮಾದರಿ ಪತ್ರಿಕೆಗಳ ಕಟ್ಟು ಸಿಕ್ಕರೆ ಅದೃಷ್ಟ. ಗುಜರಿ ಅಂಗಡಿಯಲ್ಲಿ, ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದವರಲ್ಲಿ ಕೇಳಿಟ್ಟಿರಿ. ಲಕೋಟೆ ಜೊತೆಗಿದ್ದರೆ ಬಿಡಬೇಡಿ. ಬುಕ್ ಪೋಸ್ಟ್‌ನಲ್ಲಿ ಬಂದ ತೆರೆದ ಲಕೋಟೆಯ ಅಂಚೆ ಮುದ್ರೆ ತಾರೀಖನ್ನೂ ಊರನ್ನೂ ಹೇಳುತ್ತದೆ. ಚೀಟಿಯನ್ನು ಅದರಿಂದ ಕಿತ್ತು ತೆಗೆಯುವುದು ಅರ್ಧ ಚರಿತ್ರೆಯನ್ನು ಹರಿದುಹಾಕಿದಂತೆ.

ತಂದ ಕಾಗದವನ್ನು ಅದೇ ದಿನ ಉಳಿದವುಗಳ ಜೊತೆ ಸೇರಿಸಬೇಡಿ. ಒಂದೇ ಹಾಳೆಯ ಜೊತೆ ಬಂದ ಹುಳು ಇಡೀ ಪೆಟ್ಟಿಗೆಯನ್ನು ತಿನ್ನಬಲ್ಲದು. ಒಣಗಿದ ಪತ್ರಿಕೆಗಳನ್ನು ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಒಂದರೊಳಗೊಂದು ಹಾಕಿ, ಗಾಳಿ ಹಿಂಡಿ, ಬಾಯಿ ಬಿಗಿದು, ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ಪೂರ್ತಿ ದಿನ ಚೀಲ ಬಿಚ್ಚಬಾರದು. ಆತುರಪಟ್ಟರೆ ತಣ್ಣಗಿನ ಕಾಗದದ ಮೇಲೆ ಗಾಳಿಯ ತೇವ ನೀರಾಗಿ ಕೂರುತ್ತದೆ, ಶಾಯಿ ಹರಡುತ್ತದೆ. ಬೂಷ್ಟು ಹಿಡಿದಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಲೇಬೇಡಿ. ನೆರಳಲ್ಲಿ ಪೂರ್ತಿ ಒಣಗಿಸಿ, ಮುಖಕ್ಕೆ ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ ಒಂದಿಂಚಿನ ಮೆತ್ತನೆಯ ಬ್ರಷ್‌ನಿಂದ ನಡುವಿನಿಂದ ಅಂಚಿನ ಕಡೆಗೆ ಹಗುರವಾಗಿ ತಳ್ಳಿ.

ಹೆಚ್ಚು ಪತ್ರಿಕೆಗಳು ಹರಿಯುವುದು ತುಕ್ಕು ಹಿಡಿದ ಗುಂಡುಸೂಜಿ, ಸ್ಟೇಪಲ್ ಪಿನ್ನುಗಳನ್ನು ತೆಗೆಯುವಾಗ. ಎಳೆದರೆ ತುಕ್ಕಿಗೆ ಅಂಟಿದ ಕಾಗದ ಬಿಲ್ಲೆಯಾಗಿ ಕಿತ್ತುಬರುತ್ತದೆ. ಪಿನ್ನಿನ ಕಾಲುಗಳ ಕೆಳಗೆ ತೆಳು ಪ್ಲಾಸ್ಟಿಕ್ ಹಾಳೆಯ ಚೂರನ್ನು ಮೊದಲು ತೂರಿಸಿ. ಮೊಂಡು ಚಾಕುವಿನ ತುದಿಯಿಂದ ಒಂದೊಂದೇ ಕಾಲನ್ನು ಎತ್ತಿ ನೆಟ್ಟಗೆ ಮಾಡಿ. ಆಮೇಲೆ ಹಾಳೆ ತಿರುಗಿಸಿ, ಆ ಬದಿಯಲ್ಲೂ ಪ್ಲಾಸ್ಟಿಕ್ ಚೂರು ತೂರಿಸಿ, ಪಿನ್ನನ್ನು ಮೇಲಕ್ಕೆ ಎತ್ತಿ. ಉಳಿಯುವ ಕಂದು ಕಲೆಯನ್ನು ತೊಳೆಯಲು ಹೋಗಬೇಡಿ.

ನಾಲ್ಕು ಮೂಲೆಗೆ ಹಚ್ಚಿದ ಅರಿಶಿನವೂ ಹಾಗೆಯೇ. ಅದು ಕೊಳೆಯಲ್ಲ, ಯಾರದೋ ಬೆರಳು ಶುಭಕ್ಕೆಂದು ಇಟ್ಟ ಗುರುತು. ಸೋಪಿನ ನೀರು ತಾಗಿದರೆ ಅರಿಶಿನ ಕೆಂಪಾಗುತ್ತದೆ, ಬಿಸಿಲು ಬಿದ್ದರೆ ಮಾಸುತ್ತದೆ. ಕುಂಕುಮ ಪಕ್ಕದ ಹಾಳೆಗೆ ಅಂಟುತ್ತದೆ. ಎರಡು ಪತ್ರಿಕೆಗಳ ನಡುವೆ ಆಮ್ಲರಹಿತ ತೆಳು ಕಾಗದ ಇಟ್ಟರೆ ಸಾಕು.

ಇಸವಿ ಕಂಡುಹಿಡಿಯುವುದು

ಹಳೆಯ ಪತ್ರಿಕೆಗಳಲ್ಲಿ ಇಂಗ್ಲಿಷ್ ತಾರೀಖು ಇರಲೇಬೇಕೆಂದಿಲ್ಲ. ‘ಶಾಲಿವಾಹನ ಶಕ 1879ನೇ ಹೇವಿಳಂಬಿ ನಾಮ ಸಂವತ್ಸರದ ವೈಶಾಖ ಶುದ್ಧ ದಶಮಿ’ ಎಂದಿದ್ದರೆ ಶಕವರ್ಷಕ್ಕೆ 78 ಕೂಡಿಸಿ: 1957. ಇಲ್ಲಿ ಬಹಳಷ್ಟು ಜನ ಎಡವುವ ಜಾಗವೊಂದಿದೆ. ಶಕವರ್ಷ ಯುಗಾದಿಗೆ ಬದಲಾಗುತ್ತದೆ, ಕ್ಯಾಲೆಂಡರ್ ವರ್ಷ ಜನವರಿಗೆ. ಅದೇ ಹೇವಿಳಂಬಿಯ ಮಾಘ, ಫಾಲ್ಗುಣದ ಮದುವೆಯಾದರೆ 79 ಕೂಡಿಸಬೇಕು: 1958.

ಶಕವರ್ಷ ಹಾಕದೆ ಸಂವತ್ಸರವನ್ನಷ್ಟೇ ಬರೆದಿದ್ದರೆ? ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳುವುದರಿಂದ ಹೇವಿಳಂಬಿ ಎಂದರೆ 1897, 1957, 2017 ಮೂರೂ ಆಗಬಹುದು. ಆಗ ತಿಥಿಯ ಜೊತೆಗಿರುವ ವಾರವನ್ನು ಆಯಾ ವರ್ಷದ ಪಂಚಾಂಗಕ್ಕೆ ಹೋಲಿಸಿ. ಕಾಗದದಲ್ಲೇ ಬೇರೆ ಸುಳಿವುಗಳೂ ಇರುತ್ತವೆ. ಆಣೆಯ ಲೆಕ್ಕ ಕಂಡರೆ ಅದು ಬಹುಶಃ 1957ರ ಏಪ್ರಿಲ್‌ಗೆ ಮೊದಲಿನದು, ‘ನಯೇ ಪೈಸೆ’ ಇದ್ದರೆ 1957ರಿಂದ 1964ರ ನಡುವಿನದು. ವಿಳಾಸದಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ. ‘ಮೈಸೂರು ರಾಜ್ಯ’ ಎಂದಿದ್ದರೆ ಸಾಮಾನ್ಯವಾಗಿ 1973ರ ನವೆಂಬರ್‌ಗೆ ಹಿಂದಿನದು. ಹಳೆಯ ಲಕೋಟೆ, ರಸೀದಿ ಪುಸ್ತಕಗಳನ್ನು ಆಮೇಲೂ ಬಳಸಿದವರಿರುವುದರಿಂದ ಒಂದೇ ಸುಳಿವನ್ನು ನಂಬಿ ಇಸವಿ ಬರೆಯಬೇಡಿ, ಎರಡಾದರೂ ಕೂಡಿಬರಲಿ.

ಅಸಲೋ ನಕಲೋ ನೋಡಲು ಹತ್ತು ಪಟ್ಟು ಹಿಗ್ಗಿಸುವ ಮಸೂರ ಬೇಕು. ಮೊಳೆಯಿಂದ ಅಚ್ಚಾದ ಅಕ್ಷರದ ಅಂಚಿನಲ್ಲಿ ಶಾಯಿ ಒತ್ತಿ ಸರಿದು ಗಾಢ ಗೆರೆಯಾಗಿ ನಿಂತಿರುತ್ತದೆ. ಹಾಳೆಯ ಹಿಂಬದಿ ಸವರಿದರೆ ಒತ್ತು ಬೆರಳಿಗೆ ಸಿಗುತ್ತದೆ. ಇಂಕ್‌ಜೆಟ್ ನಕಲಿನಲ್ಲಿ ಕಪ್ಪು ಅಕ್ಷರದೊಳಗೂ ನೀಲಿ, ಹಳದಿ, ಗುಲಾಬಿ ಚುಕ್ಕೆಗಳು ಎದ್ದು ಕಾಣುತ್ತವೆ.

ಇಡುವುದು

ಲ್ಯಾಮಿನೇಶನ್ ಬೇಡ, ಎಷ್ಟೇ ಪ್ರೀತಿಯಿಂದಾದರೂ ಬೇಡ. ಬಿಸಿಗೆ ಕರಗಿ ಕಾಗದದ ನಾರಿಗೆ ಕಚ್ಚಿಕೊಂಡ ಪ್ಲಾಸ್ಟಿಕ್ಕನ್ನು ಕಾಗದ ಕೆಡದಂತೆ ಬಿಡಿಸಲು ಆಗದು. ಸೆಲೋಟೇಪಿನ ಅಂಟು ಕೆಲವೇ ವರ್ಷಗಳಲ್ಲಿ ಹಳದಿ ತಿರುಗಿ ಒಳಗಿಳಿಯುತ್ತದೆ. ಮೈದಾ ಅಂಟು ಜಿರಲೆಗೆ ಔತಣ. ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಕವರಿನಲ್ಲಿಡಿ. ಅಳತೆ ಪತ್ರಿಕೆಗಿಂತ ಎಲ್ಲ ಬದಿಗೂ ಒಂದು ಸೆಂಟಿಮೀಟರ್ ಹೆಚ್ಚಿರಲಿ. ಹೊಸ ರೇನ್‌ಕೋಟಿನ ವಾಸನೆ ಬಂದರೆ ಅದು ಪಿವಿಸಿ, ಮುಟ್ಟಬೇಡಿ. ಅದರಿಂದ ಒಸರುವ ಎಣ್ಣೆಯಂಥ ದ್ರವ ಶಾಯಿಯನ್ನೇ ಕವರಿಗೆ ಎಳೆದುಕೊಳ್ಳುತ್ತದೆ.

ಕರಾವಳಿ, ಮಲೆನಾಡಿನವರಿಗೆ ಮಳೆಗಾಲವೇ ದೊಡ್ಡ ಪರೀಕ್ಷೆ. ಶೂ ಪೆಟ್ಟಿಗೆಯಷ್ಟು ದೊಡ್ಡ, ಗಾಳಿಯಾಡದ ಡಬ್ಬಿಗೆ ಸಿಲಿಕಾ ಜೆಲ್‌ನ 50 ಗ್ರಾಂ ಪೊಟ್ಟಣ ಎರಡು ಹಾಕಿ. ಕಿತ್ತಳೆ ಬಣ್ಣದ್ದು ಹಸಿರಾದರೆ ತೇವ ಕುಡಿದಿದೆ ಎಂದರ್ಥ. ಹರಳುಗಳನ್ನು ತಟ್ಟೆಗೆ ಸುರಿದು ಓವನ್‌ನಲ್ಲಿ 110ರಿಂದ 120 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸಿದರೆ ಮತ್ತೆ ಬಳಸಬಹುದು. ಬೇವಿನೆಲೆ ಇಡುವವರು ಚೆನ್ನಾಗಿ ಒಣಗಿಸಿ, ಬಟ್ಟೆಯ ಚೀಲದಲ್ಲಿ ಕಟ್ಟಿ, ಕಾಗದಕ್ಕೆ ತಾಗದಂತೆ ಇಡಲಿ. ಹಸಿ ಎಲೆ ತೇವವನ್ನೂ ಕಲೆಯನ್ನೂ ತರುತ್ತದೆ. ಗೋಡೆಗೆ ಒರಗಿಸಿ ಇಡಬೇಡಿ, ನಾಲ್ಕು ಬೆರಳು ಜಾಗ ಬಿಡಿ.

ಪ್ರತಿ ಪತ್ರಿಕೆಗೆ ಒಂದು ಸಂಖ್ಯೆ ಕೊಟ್ಟು, ಹಿಂಬದಿಯ ಕೆಳಮೂಲೆಯಲ್ಲಿ 2ಬಿ ಪೆನ್ಸಿಲ್‌ನಿಂದ ಹಗುರವಾಗಿ ಬರೆಯಿರಿ. ಪೆನ್ನು ಬೇಡ. ನೋಟ್‌ಬುಕ್ಕಿನಲ್ಲಿ ಅದೇ ಸಂಖ್ಯೆಯ ಮುಂದೆ ಅಳತೆ, ಮುದ್ರಣಾಲಯ, ಊರು, ಇಸವಿ, ಅದನ್ನು ಹೇಗೆ ಕಂಡುಹಿಡಿದಿರಿ, ಯಾರಿಂದ ಯಾವ ದಿನ ಬಂತು ಎಂದು ಬರೆದಿಡಿ. ಕೊನೆಯದನ್ನು ಅಂದೇ ಬರೆಯಬೇಕು. ಕೊಟ್ಟ ಹಿರಿಯರು ಇನ್ನೂ ಎದುರಿಗಿರುವಾಗಲೇ ವಧೂವರರ ಕಥೆಯನ್ನೂ ನಾಲ್ಕು ಸಾಲಿನಲ್ಲಿ ಕೇಳಿಕೊಂಡು ಬರೆದುಕೊಳ್ಳಿ. 600 ಡಿಪಿಐನಲ್ಲಿ ಎರಡೂ ಬದಿ ಸ್ಕ್ಯಾನ್ ಮಾಡಿ. ಒಂದು ಪ್ರತಿಯನ್ನು ಪತ್ರಿಕೆ ಕೊಟ್ಟ ಮನೆಯವರಿಗೆ ಕಳಿಸಿ. ಊರಿಗೆಲ್ಲ ಕಾಣುವಂತೆ ಹಾಕುವುದಾದರೆ ಬದುಕಿರುವವರ ವಿಳಾಸ, ಫೋನ್ ಸಂಖ್ಯೆಗಳನ್ನು ಮುಚ್ಚಿ ಹಾಕಿ.