1949ರ ಮರ್ಕ್ಯುರಿ ಮಾದರಿಯ ಛಾವಣಿಯನ್ನು ತಗ್ಗಿಸುವ ಕ್ರಮ

1948ರ ಏಪ್ರಿಲ್‌ನಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ, 1949ರ ಮಾದರಿ-ವರ್ಷದ ಮರ್ಕ್ಯುರಿ ಕಾರಿನ ಛಾವಣಿಯನ್ನು ಕತ್ತರಿಸಿ ತಗ್ಗಿಸುವ ಕೆಲಸಕ್ಕೆ ಕ್ಯಾಲಿಫೋರ್ನಿಯಾದ ಸ್ಯಾಮ್ ಬ್ಯಾರಿಸ್ ಮತ್ತು ಅವರ ಸೋದರ ಜಾರ್ಜ್ ಬ್ಯಾರಿಸ್ ಹೆಸರಾದವರು. ಅದೇ ರೂಪವನ್ನು 1:25 ಪ್ರಮಾಣದ (ನಿಜವಾದ ಕಾರಿನ ಇಪ್ಪತ್ತೈದನೇ ಒಂದರಷ್ಟು ಅಳತೆಯ) ಪ್ಲಾಸ್ಟಿಕ್ ಮಾದರಿ ಕಿಟ್‌ನಲ್ಲಿ ಮೂಡಿಸುವುದು ಶ್ರಮದ ಕೆಲಸವಾದರೂ ಅದರ ಲೆಕ್ಕಾಚಾರ ಸುಲಭ. ಈ ಪ್ರಮಾಣದಲ್ಲಿ ನಿಜವಾದ ಕಾರಿನ ಒಂದು ಇಂಚು ಮಾದರಿಯಲ್ಲಿ ಸುಮಾರು 1 ಮಿ.ಮೀ. ಆಗುವುದರಿಂದ, ನಾಲ್ಕು ಇಂಚು ತಗ್ಗಿಸಬೇಕೆಂದರೆ 4 ಮಿ.ಮೀ. ಕತ್ತರಿಸಿದರೆ ಸಾಕು. ಅದಕ್ಕಿಂತ ಹೆಚ್ಚು ತಗ್ಗಿಸಿದರೆ ಕಿಟಕಿಗಳು ಬರೀ ಸೀಳುಗಳಂತೆ ಕಂಡು ಕಾರಿನ ಅಂದ ಕೆಡುತ್ತದೆ ಎಂಬುದು ನನ್ನ ಅಭಿಪ್ರಾಯ.

ಮೊದಲು ಬಾಡಿಯನ್ನು ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ತೊಳೆದು, ಅಚ್ಚಿನಿಂದ ಅಂಟಿಕೊಂಡು ಬಂದ ಜಿಡ್ಡನ್ನು ತೆಗೆಯಬೇಕು. ಬಳಿಕ ಕಿಟಕಿಗಳ ಕಂಬಗಳ ಮೇಲೆ ಮಾಸ್ಕಿಂಗ್ ಟೇಪನ್ನು ಎರಡು ಪದರವಾಗಿ ಅಂಟಿಸಿ ಮೇಲಿನ ಮತ್ತು ಕೆಳಗಿನ ರೇಖೆಗಳನ್ನು ಗುರುತಿಸಬೇಕು. ಟೇಪಿನ ಅಂಚೇ ಗರಗಸಕ್ಕೆ ದಾರಿ ತೋರುತ್ತದೆ. ತೆಳುವಾದ ರೇಜರ್ ಗರಗಸದಿಂದ, ಒತ್ತಡ ಹಾಕದೆ, ನಿಧಾನವಾಗಿ ಕತ್ತರಿಸಬೇಕು. ಹರಿತವಾದ ಚಾಕುವಿನಿಂದ ಒಮ್ಮೆಲೇ ಒತ್ತಿದರೆ ಕಂಬ ಸೀಳಿಹೋಗುತ್ತದೆ.

ನಿಜವಾದ ಕಷ್ಟ ಎದುರಾಗುವುದು ಛಾವಣಿಯನ್ನು ಮತ್ತೆ ಕೂರಿಸುವಾಗ. ಮುಂದಿನ ಕಂಬಗಳು ಹಿಂದಕ್ಕೆ ವಾಲಿರುವುದರಿಂದ ಛಾವಣಿಯನ್ನು ನೇರವಾಗಿ ಕೆಳಗಿಳಿಸಿದರೆ ಕಂಬಗಳ ತುದಿಗಳು ಒಂದಕ್ಕೊಂದು ಕೂಡುವುದಿಲ್ಲ. ಛಾವಣಿಯನ್ನು ಸ್ವಲ್ಪ ಮುಂದಕ್ಕೆ ಸರಿಸಿ ಅವುಗಳನ್ನು ಕೂಡಿಸಿದರೆ ಹಿಂಭಾಗದಲ್ಲಿ ಅಗಲವಾದ ಅಂತರ ಉಳಿಯುತ್ತದೆ. ಹಾಗಾಗಿ ಹಿಂಬದಿ ಗಾಜಿನ ಚೌಕಟ್ಟನ್ನು ಛಾವಣಿಯಿಂದ ಮೊದಲೇ ಬಿಡಿಸಿಟ್ಟುಕೊಂಡು, ಅದರ ಕೆಳ ಅಂಚನ್ನು ಇದ್ದಲ್ಲೇ ಇರಿಸಿ, ಮೇಲಿನ ಅಂಚು ಛಾವಣಿಗೆ ತಾಗುವವರೆಗೆ ಮುಂದಕ್ಕೆ ವಾಲಿಸಬೇಕು. ಹೀಗೆ ಮಾಡಿದರೆ ಗಾಜನ್ನು ಕತ್ತರಿಸುವ ಅಗತ್ಯವಿರುವುದಿಲ್ಲ. ಜೊತೆಗೆ ಛಾವಣಿಯಿಂದ ಡಿಕ್ಕಿಯವರೆಗೆ ಇಳಿಯುವ ಗೆರೆ ಒಂದೇ ಹರಿವಾಗಿ ಕಾಣುತ್ತದೆ. ಮರ್ಕ್ಯುರಿಯ ಸೊಬಗೆಲ್ಲ ಆ ಗೆರೆಯಲ್ಲಿದೆ. ಆದ್ದರಿಂದ ಇತರ ಎಲ್ಲ ಹಂತಗಳಿಗಿಂತ ಹೆಚ್ಚು ಸಮಯವನ್ನು ಇಲ್ಲಿಗೇ ಮೀಸಲಿಡಬೇಕು. ಟೇಪಿನಿಂದ ತಾತ್ಕಾಲಿಕವಾಗಿ ಹಿಡಿಸಿ, ಎರಡೂ ಬದಿಗಳಿಂದಲೂ ಹಿಂದಿನಿಂದಲೂ ನೋಡಿ, ಒಪ್ಪಿಗೆಯಾದ ಮೇಲೆಯೇ ಅಂಟು ಹಾಕಬೇಕು.

ಛಾವಣಿ ಮುಂದೆ ಸರಿದಾಗ ನಡುವಿನ ಕಂಬವೂ ತನ್ನ ಸಾಲು ತಪ್ಪುತ್ತದೆ. ಅದನ್ನು ಓರೆಯಾಗಿ ಸೇರಿಸಬಹುದು, ಇಲ್ಲವೇ 1952ರಲ್ಲಿ ಬಾಬ್ ಹಿರೋಹಾಟಾ ಅವರಿಗಾಗಿ ಬ್ಯಾರಿಸ್ ಸೋದರರು ರೂಪಿಸಿದ 1951ರ ಮರ್ಕ್ಯುರಿಯಂತೆ ಪೂರ್ತಿಯಾಗಿ ತೆಗೆದುಹಾಕಬಹುದು. ಆರಂಭಿಕರು ಕಂಬವನ್ನು ಉಳಿಸಿಕೊಳ್ಳುವುದೇ ಲೇಸು, ಏಕೆಂದರೆ ಅದು ಛಾವಣಿಗೆ ಬಲ ಕೊಡುತ್ತದೆ.

ಸಂದುಗಳ ಒಳಭಾಗಕ್ಕೆ ಸ್ಟೈರೀನ್ (ಕಿಟ್‌ನಂಥದ್ದೇ ಪ್ಲಾಸ್ಟಿಕ್) ಪಟ್ಟಿಗಳನ್ನು ಪ್ಲಾಸ್ಟಿಕ್ ಅಂಟಿನಿಂದ ಜೋಡಿಸಿ, ದೊಡ್ಡ ಅಂತರಗಳನ್ನು ಸ್ಟೈರೀನ್ ಹಾಳೆಯಿಂದಲೇ ಮುಚ್ಚಬೇಕು. ಪುಟ್ಟಿಯನ್ನು ಕೊನೆಯ ಸಣ್ಣ ತಗ್ಗುಗಳಿಗೆ ಮಾತ್ರ ತೆಳುವಾಗಿ ಹಚ್ಚಬೇಕು. ದಪ್ಪವಾಗಿ ಹಚ್ಚಿದ ಪುಟ್ಟಿ ಒಣಗುತ್ತಾ ಕುಗ್ಗಿ, ಬಣ್ಣ ಬಳಿದ ಮೇಲೆ ಗೆರೆಯಾಗಿ ಎದ್ದು ಕಾಣುತ್ತದೆ. ಬಾನೆಟ್ಟಿನ ಅಲಂಕಾರ ಮತ್ತು ಬಾಗಿಲ ಹಿಡಿಗಳನ್ನು ಉಜ್ಜಿ ನುಣುಪು ಮಾಡುವುದಾದರೆ ಅದನ್ನೂ ಈ ಹಂತದಲ್ಲೇ ಮುಗಿಸಬೇಕು. 400, ಬಳಿಕ ಅದಕ್ಕಿಂತ ನಯವಾದ 600 ಗ್ರಿಟ್‌ನ ಎಮರಿ ಕಾಗದವನ್ನು ನೀರಿನಲ್ಲಿ ನೆನೆಸಿ ಉಜ್ಜಿ, ಬೂದು ಪ್ರೈಮರ್ (ಬಣ್ಣಕ್ಕೆ ಮೊದಲಿನ ತಳಪದರ) ಸಿಂಪಡಿಸಿದರೆ ಉಳಿದ ದೋಷಗಳೆಲ್ಲ ಕಾಣಿಸುತ್ತವೆ. ಪ್ರೈಮರ್ ಇಲ್ಲದೆ ಕಟುವಾದ ಲ್ಯಾಕರ್ ಬಣ್ಣವನ್ನು ನೇರವಾಗಿ ಸಿಂಪಡಿಸಿದರೆ ಪ್ಲಾಸ್ಟಿಕ್ಕಿನ ಮೇಲೆ ಸಣ್ಣ ಬಿರುಕುಗಳು ಏಳುತ್ತವೆ.

ಛಾವಣಿ ತಗ್ಗಿದ ಕಾರು ನೆಲಕ್ಕೂ ಹತ್ತಿರವಿರಬೇಕು. ಹಿಂದಿನ ಚಕ್ರಗಳ ಅಚ್ಚು (ಆಕ್ಸಲ್) ಮತ್ತು ಅದರ ಕೆಳಗಿನ ಸ್ಪ್ರಿಂಗಿನ ನಡುವೆ 2 ಮಿ.ಮೀ. ದಪ್ಪದ ಸ್ಟೈರೀನ್ ತುಂಡು ಇಟ್ಟರೆ ಹಿಂಭಾಗ ಅಷ್ಟು ಇಳಿಯುತ್ತದೆ. ಅಚ್ಚು ಚಾಸಿಗೆ ತಗುಲುವಂತಿದ್ದರೆ ಅಲ್ಲಿ ಅರ್ಧಚಂದ್ರದಂತೆ ಅರೆದು ಜಾಗ ಮಾಡಿಕೊಡಬೇಕು.

ಬಣ್ಣ ಗಟ್ಟಿಯಾಗಿ ಒಣಗಿದ ಮೇಲೆ ಪಕ್ಕದ ಪಟ್ಟಿಗಳಿಗೆ ಅಂಟುಳ್ಳ ತೆಳು ಲೋಹದ ಹಾಳೆಯನ್ನು ಹಚ್ಚಿ, ಹತ್ತಿಯಿಂದ ಒತ್ತಿ, ಹೊಸ ಬ್ಲೇಡಿನಿಂದ ಅಂಚು ಕತ್ತರಿಸಬೇಕು. ಮುಂದಿನ ಗಾಜು ಹೊಸ ಎತ್ತರಕ್ಕೆ ಹೊಂದುವುದಿಲ್ಲವಾದ್ದರಿಂದ ಅದನ್ನು ಪಾರದರ್ಶಕ ಹಾಳೆಯಿಂದ ಹೊಸದಾಗಿ ಕತ್ತರಿಸಿಕೊಂಡು, ಒಣಗಿದಾಗ ಕಾಣದಂತಾಗುವ ಬಿಳಿ ಪಿ.ವಿ.ಎ. ಅಂಟಿನಿಂದ ಕೂರಿಸಬೇಕು, ಸೂಪರ್ ಗ್ಲೂ ಬಳಸಿದರೆ ಅದರ ಆವಿಯಿಂದ ಗಾಜು ಮಂಜಾಗುತ್ತದೆ.