ಎಂಬಿಬಿಎಸ್ ನಡುವೆ ಒಂದು ವರ್ಷದ ಎಂ.ರೆಸ್: ನಾನು ಮಾಡಿದ ಬಗೆ

ಬ್ರಿಟನ್ನಿನಲ್ಲಿ ಮೆಡಿಕಲ್ ಓದನ್ನು ಒಂದು ವರ್ಷ ಬದಿಗಿಟ್ಟು ಇನ್ನೊಂದು ಪದವಿ ಮಾಡುವುದಕ್ಕೆ ಇಂಟರ್‌ಕಲೇಷನ್ ಅನ್ನುತ್ತಾರೆ. ಬಹಳಷ್ಟು ಮಂದಿ ಬಿಎಸ್ಸಿ ಮಾಡುತ್ತಾರೆ. ಸಾಮಾನ್ಯವಾಗಿ ಮೂರು ವರ್ಷ ಮುಗಿಸಿದವರಿಗೆ ಮಾಸ್ಟರ್ಸ್ ದಾರಿಯೂ ತೆರೆದಿರುತ್ತದೆ. ಎಂ.ರೆಸ್ (ಮಾಸ್ಟರ್ ಆಫ್ ರಿಸರ್ಚ್) 180 ಕ್ರೆಡಿಟ್ಟಿನ ಪದವಿ, ಅದರ ದೊಡ್ಡ ಪಾಲು ಸಂಶೋಧನಾ ಪ್ರಾಜೆಕ್ಟಿನದು. ಪಾಠ ಕೇಳಿ, ಪರೀಕ್ಷೆ ಬರೆದು, ಕೊನೆಗೆ ಸಣ್ಣ ಪ್ರಾಜೆಕ್ಟ್ ಮಾಡುವ ಎಂಎಸ್ಸಿ ಬೇಕಿದ್ದವರಿಗೆ ಇದು ಸರಿಹೊಂದುವುದಿಲ್ಲ.

ಅಂಕಕ್ಕಾಗಿ ಇದನ್ನು ಮಾಡುವ ಕಾಲ ಮುಗಿದಿದೆ. ಎಂಬಿಬಿಎಸ್ ಮುಗಿಸಿದ ಹೊಸ ವೈದ್ಯರ ತರಬೇತಿಯಾದ ಫೌಂಡೇಷನ್ ಪ್ರೋಗ್ರಾಂ ಅರ್ಜಿಯಲ್ಲಿ ಹೆಚ್ಚುವರಿ ಪದವಿಗೂ ಪ್ರಕಟವಾದ ಲೇಖನಕ್ಕೂ ಸಿಗುತ್ತಿದ್ದ ಅಂಕಗಳನ್ನು 2023ರ ಪ್ರವೇಶದಿಂದ ತೆಗೆದುಹಾಕಿದರು. ಒಂದು ಪ್ರಶ್ನೆಯ ಬೆನ್ನು ಹತ್ತಿ ಕೆಲಸ ಮಾಡುವ ಆಸೆ ಇದ್ದವರಿಗೆ ಮಾತ್ರ ಈ ವರ್ಷ ಸಾರ್ಥಕ ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

ವಿಷಯಕ್ಕಿಂತ ಮೊದಲು ಗೈಡ್ ಹತ್ತಿರ ಕೇಳಬೇಕಾದದ್ದು ಅನುಮತಿಯ ಬಗ್ಗೆ. ಎನ್‌ಎಚ್‌ಎಸ್ (ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ) ರೋಗಿಗಳನ್ನು ಒಳಗೊಂಡ ಸಂಶೋಧನೆಗೆ ಐರಾಸ್ ಎಂಬ ಆನ್‌ಲೈನ್ ಅರ್ಜಿ ತುಂಬಬೇಕು, ಎಥಿಕ್ಸ್ ಸಮಿತಿ ಒಪ್ಪಬೇಕು, ಆಮೇಲೆ ಆಸ್ಪತ್ರೆಯೂ ಹೂಂ ಅನ್ನಬೇಕು. ಸೆಪ್ಟೆಂಬರಿನಲ್ಲಿ ಅರ್ಜಿ ಬರೆಯಲು ಕೂತರೆ ಡೇಟಾ ಕೈಗೆ ಬರುವ ಹೊತ್ತಿಗೆ ಅರ್ಧ ವರ್ಷವೇ ಕಳೆದಿರಬಹುದು. ಅದಕ್ಕೇ ಎಥಿಕ್ಸ್ ಅನುಮತಿ ಈಗಾಗಲೇ ಇರುವ, ನಿಮ್ಮ ಹೆಸರು ಸೇರಿಸಿದರೆ ಸಾಕಾಗುವ ಪ್ರಾಜೆಕ್ಟನ್ನೇ ಹಿಡಿಯಿರಿ. ಪ್ರಾಣಿಗಳ ಮೇಲಿನ ಪ್ರಯೋಗವಾದರೆ ಹೋಮ್ ಆಫೀಸಿನ (ಬ್ರಿಟನ್ನಿನ ಗೃಹ ಇಲಾಖೆ) ವೈಯಕ್ತಿಕ ಲೈಸೆನ್ಸ್ ಬೇಕು, ಅದರ ತರಬೇತಿಗೂ ದಿನ ಹಿಡಿಯುತ್ತದೆ.

ಗೈಡ್ ಜೊತೆ ಮಾತಾಡಿದ ಮೇಲೆ ಅದೇ ಲ್ಯಾಬಿನ ಪಿಎಚ್‌ಡಿ ವಿದ್ಯಾರ್ಥಿಯೊಬ್ಬರನ್ನು ಬೇರೆಯಾಗಿ ಮಾತಾಡಿಸಿ. ದಿನನಿತ್ಯ ಪಕ್ಕದಲ್ಲಿ ನಿಂತು ಕೆಲಸ ಕಲಿಸುವವರು ಯಾರು, ನಿಮಗೆ ಬೇಕಾದ ವಿಧಾನ ಆ ಲ್ಯಾಬಿನಲ್ಲಿ ಈಗ ನಡೆಯುತ್ತಿದೆಯೇ ಎಂಬೆರಡನ್ನು ಕೇಳಿದರೆ ಸಾಕು.

ಪ್ರಯೋಗದ ಲೆಕ್ಕವನ್ನು ಥೀಸಿಸ್ ಕೊಡುವ ದಿನದಿಂದ ಹಿಂದಕ್ಕೆ ಹಾಕಬೇಕು. ಒಂದೇ ದಿನ ಒಂದೇ ಪ್ಲೇಟಿನ ಮೂರು ಗುಳಿಗಳಲ್ಲಿ (ವೆಲ್) ಅಳೆದದ್ದು ಮೂರು ಪ್ರಯೋಗ ಆಗುವುದಿಲ್ಲ. ಅದು ಒಂದೇ ಪ್ರಯೋಗದ ಮೂರು ಅಳತೆ. ನಿಜವಾದ ಮೂರಕ್ಕೆ ಬೇರೆ ಬೇರೆ ಪ್ಯಾಸೇಜಿನ (ಹೊಸ ಪಾತ್ರೆಗೆ ವರ್ಗಾಯಿಸಿ ಬೆಳೆಸಿದ ಸುತ್ತಿನ) ಜೀವಕೋಶ, ಬೇರೆ ದಿನ, ಹೊಸದಾಗಿ ತಯಾರಿಸಿದ ಔಷಧ ಬೇಕು. ಜೀವಕೋಶ ಬೆಳೆಸಿ, ಔಷಧ ಕೊಟ್ಟು, ಪ್ರೋಟೀನ್ ತೆಗೆದು, ವೆಸ್ಟರ್ನ್ ಬ್ಲಾಟ್ (ಒಂದು ಪ್ರೋಟೀನ್ ಎಷ್ಟಿದೆ ಎಂದು ಆಂಟಿಬಾಡಿಯಿಂದ ನೋಡುವ ಪರೀಕ್ಷೆ) ಮಾಡುವಷ್ಟರಲ್ಲಿ ವಾರ ದಾಟುತ್ತದೆ. ನಡುವೆ ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾದ ಸೋಂಕು ಕಂಡರೆ ಆ ಜೀವಕೋಶಗಳನ್ನು ಎಸೆದು ಮೊದಲಿಂದ ಶುರು. ಸೋಂಕಿದ್ದರೂ ಮೀಡಿಯಂ (ಜೀವಕೋಶ ಬೆಳೆಸುವ ದ್ರವ) ಕದಡುವುದಿಲ್ಲ, ಕಣ್ಣಿಗೆ ಏನೂ ಕಾಣುವುದಿಲ್ಲ. ಆದ್ದರಿಂದ ಹೆಪ್ಪುಗಟ್ಟಿಸಿಟ್ಟ ಜೀವಕೋಶದ ಹೊಸ ವಯಲ್ ಕರಗಿಸಿದಾಗಲೆಲ್ಲ ಪರೀಕ್ಷೆ ಮಾಡಿಸಿ.

ಬ್ಲಾಟಿನಲ್ಲಿ ಹೊಸಬರ ಕಣ್ಣು ತಪ್ಪಿಸುವ ಸಂಗತಿ ಲೋಡಿಂಗ್ ಕಂಟ್ರೋಲ್, ಅಂದರೆ ಎಲ್ಲ ಲೇನುಗಳಿಗೂ (ಮಾದರಿ ಹಾಕುವ ಸಾಲುಗಳು) ಸಮನಾಗಿ ಹಾಕಿದ್ದೇವೆಯೇ ಎಂದು ನೋಡಲು ಅಳೆಯುವ ಪ್ರೋಟೀನ್. ಇದಕ್ಕೆ ಬಳಸುವ ಜಿಎಪಿಡಿಎಚ್ ಜೀವಕೋಶದಲ್ಲಿ ಧಾರಾಳವಾಗಿರುವ ಪ್ರೋಟೀನ್. ಹೆಚ್ಚು ಹಾಕಿದರೆ ಬ್ಯಾಂಡ್ (ಪ್ರೋಟೀನ್ ಕಾಣುವ ಗೆರೆ) ತುಂಬಿ ಹೋಗಿ, ಲೇನುಗಳಲ್ಲಿ ಪ್ರಮಾಣ ಬೇರೆಯಿದ್ದರೂ ಎಲ್ಲ ಒಂದೇ ರೀತಿ ಕಪ್ಪಾಗಿ ಕಾಣುತ್ತವೆ. ಶುರುವಿನಲ್ಲೇ ಒಂದೇ ಮಾದರಿಯನ್ನು 5, 10, 20, 40 ಮೈಕ್ರೋಗ್ರಾಂ ಹಾಕಿ ನೋಡಿ. ಪ್ರೋಟೀನ್ ದುಪ್ಪಟ್ಟಾದಾಗ ಸಿಗ್ನಲ್ಲೂ ದುಪ್ಪಟ್ಟಾಗುವ ವ್ಯಾಪ್ತಿಯೊಳಗೇ ಮುಂದಿನದೆಲ್ಲ ನಡೆಯಲಿ. ಈ ಚಿತ್ರವನ್ನು ಥೀಸಿಸ್ಸಿನಲ್ಲೂ ಹಾಕಿ. ವೈವಾದಲ್ಲಿ ಈ ಪ್ರಶ್ನೆ ಬಂದರೆ ಉತ್ತರ ಕೈಯಲ್ಲೇ ಇರುತ್ತದೆ.

ದುಡ್ಡಿನ ವಿಚಾರ ಸೂಕ್ಷ್ಮ. ಮಾಸ್ಟರ್ಸ್ ಇಂಟರ್‌ಕಲೇಷನ್ನಿಗೆ ಯಾವ ಸಾಲ ಸಿಗುತ್ತದೆ, ಆಮೇಲೆ ಎನ್‌ಎಚ್‌ಎಸ್ ಬರ್ಸರಿ (ವಿದ್ಯಾರ್ಥಿಗಳಿಗೆ ಕೊಡುವ ಧನಸಹಾಯ) ಏನಾಗುತ್ತದೆ ಎಂಬುದನ್ನು ಒಪ್ಪಿಕೊಳ್ಳುವ ಮೊದಲೇ ಲಿಖಿತವಾಗಿ ಕೇಳಿ ಪಡೆಯಿರಿ. ಸ್ಟೂಡೆಂಟ್ ವೀಸಾದಲ್ಲಿರುವವರಿಗೆ ಕೋರ್ಸ್ ಒಂದು ವರ್ಷ ಉದ್ದವಾಗುವುದರಿಂದ ವೀಸಾದ ಅವಧಿಯೂ ಸಾಲದೆ ಬರಬಹುದು.

ಎಂ.ರೆಸ್ ಸಾಮಾನ್ಯವಾಗಿ ಹನ್ನೆರಡು ತಿಂಗಳು. ಥೀಸಿಸ್ ಮುಗಿಸುವ ಹೊತ್ತಿಗೇ ಕ್ಲಿನಿಕಲ್ ವರ್ಷವೂ ಶುರುವಾಗಬಹುದು. ಎರಡೂ ದಿನಾಂಕಗಳನ್ನು ಪಕ್ಕಪಕ್ಕ ಇಟ್ಟು ನೋಡಿಯೇ ಅರ್ಜಿ ಹಾಕಿ. ವಿಧಾನಗಳ ಅಧ್ಯಾಯವನ್ನು ಪ್ರಯೋಗ ಮಾಡಿದ ವಾರವೇ ಬರೆದಿಡಿ: ಆಂಟಿಬಾಡಿಯ ಕ್ಯಾಟಲಾಗ್ ಸಂಖ್ಯೆ, ಲಾಟ್ ಸಂಖ್ಯೆ, ಎಷ್ಟಕ್ಕೆ ತೆಳು ಮಾಡಿದ್ದು ಎಲ್ಲವೂ ಇರಲಿ. ಲ್ಯಾಬ್ ಬಿಡುವ ಮುನ್ನ ಮೂಲ ಚಿತ್ರಗಳು, ಅಂಕಿಅಂಶ ಲೆಕ್ಕ ಹಾಕಿದ ಆರ್ ಸ್ಕ್ರಿಪ್ಟ್, ಫ್ರೀಜರಿನಲ್ಲಿ ಯಾವ ಡಬ್ಬಿಯಲ್ಲಿ ಏನಿದೆ ಎಂಬ ಪಟ್ಟಿ, ಇಷ್ಟನ್ನೂ ಗ್ರೂಪಿನ ಡ್ರೈವಿಗೆ ಹಾಕಿ ಒಬ್ಬರಿಗೆ ತೋರಿಸಿ ಬನ್ನಿ. ವಾರ್ಡಿನಲ್ಲಿ ಇರುವಾಗ ಲೇಖನದ ರಿವ್ಯೂ ಬಂದು ವಿಮರ್ಶಕರು ಇನ್ನೊಂದು ಪ್ರಯೋಗ ಕೇಳಿದರೆ, ಅದನ್ನು ಮಾಡಿಕೊಡುವವರು ನೀವು ತೋರಿಸಿ ಬಂದ ಆ ವ್ಯಕ್ತಿಯೇ.